ಹಿಡಿತದ ಅಂಕ

ಕೊನೆಯ ತಿರುಪು ಬಿಗಿಯಾಗುವ ಹೊತ್ತಿಗೆ ನೆಜು ಮೂರು ಸಲ ಬಾಗಿಲ ಕಡೆ ತಿರುಗಿದ್ದ. ತಿರುಪು ಸಣ್ಣದು, ಅಷ್ಟು ಹೊತ್ತು ಹಿಡಿಯುವಂಥದ್ದಲ್ಲ. ಐವತ್ತು ದಾಟಿದ ಗಂಡಸು, ಉಎದಾ ಊರಿನ ಅರ್ಧ ಜನಕ್ಕೆ ಬೈದು ಬೈದು ಕಾರು ಕಲಿಸಿದವನು, ತನ್ನದೇ ಮನೆಯ ಹಿಂದಿನ ಕೋಣೆಯಲ್ಲಿ, ಬೆಳಗಿನ ಬಿಸಿಲು ಬೆನ್ನಿಗೆ ಬೀಳುತ್ತಿರುವಾಗ, ಅಂಗಡಿಯಿಂದ ಪೆಪ್ಪರಮೆಂಟು ಕದ್ದವನ ಹಾಗೆ ಕೂತಿದ್ದ. ಮೇಜಿನ ಮೇಲೆ ಅವನ ಆಂಪ್ಲಿಫೈಯರ್ ಮಗುಚಿ ಹಾಕಿದ ಆಮೆಯಂತೆ ಹೊಟ್ಟೆ ತೋರಿಸಿ ಮಲಗಿತ್ತು. ಅಡಿಗೆಮನೆಯಲ್ಲಿ ಹೆಂಡತಿ ಫುಸಾ ಉಪ್ಪಿನಲ್ಲಿ ನೆನೆಸಿಟ್ಟ ನೊಜಾವಾ ಸೊಪ್ಪು ಹೆಚ್ಚುತ್ತಿದ್ದಳು. ಹಲಗೆಯ ಮೇಲೆ ಬೀಳುತ್ತಿದ್ದ ಚಾಕು ಒಮ್ಮೆ ನಿಂತಿತು. ಬಂದೇಬಿಟ್ಟಳು ಎಂದು ಅವನು ಬೆಸುಗೆ ಕಡ್ಡಿಯನ್ನು ಮೇಜಿನ ಕೆಳಗೆ ಇಳಿಸಿದ. ಹೊಗೆಯನ್ನು ಎಲ್ಲಿಗೆ ಇಳಿಸುವುದೆಂದು ಹೊಳೆಯದೆ ಬಾಯಿಂದ ಊದಿದ. ಚಾಕು ಮತ್ತೆ ಶುರುವಾಯಿತು. ಅವಳಿಗೆ ಬೆಸುಗೆಯ ವಾಸನೆ ಹೊಸದೇನಲ್ಲ, ಇಪ್ಪತ್ತು ವರ್ಷದಿಂದ ಅನ್ನದ ಜೊತೆ ಅದನ್ನೂ ಉಂಡಿದ್ದಾಳೆ. ಹಾಗಾದರೆ ಅಡಗಿಸಿದ್ದು ಯಾರಿಂದ? ಆಮೆಯಿಂದಲೇ ಇರಬೇಕು ಎಂದುಕೊಂಡ.

ಮಾಡಿದ್ದು ಇಷ್ಟೇ. ಟ್ರಾನ್ಸ್‌ಫಾರ್ಮರಿನ ಡಬ್ಬಿಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ರೆಸಿಸ್ಟರ್ ಇಟ್ಟು, ಅಲ್ಲಿಂದ ಕೂದಲಿನಷ್ಟು ತೆಳ್ಳಗಿನ ತಂತಿಯೊಂದನ್ನು ಮೊದಲ ವಾಲ್ವಿನ, ಅಂದರೆ ಹಳೆಯ ರೇಡಿಯೊಗಳಲ್ಲಿ ಉರಿಯುತ್ತಿದ್ದಂಥ ಗಾಜಿನ ಬುರುಡೆಯ, ಬುಡಕ್ಕೆ ಎಳೆದಿದ್ದ. ಆ ವಾಲ್ವಿಗೆ ಬಿಸಿ ಕೊಡುವ ತಂತಿಗಳ ಜೋಡಿ ಮೊದಲೇ ಅಲ್ಲಿತ್ತು. ಇದನ್ನು ಅದರೊಳಗೆ ಮೂರನೆಯ ಎಳೆಯಾಗಿ ಸೇರಿಸಿ ಜಡೆ ಹೆಣೆದಿದ್ದ. ಯಾರ ಕಣ್ಣಿಗೂ ಬೀಳಬಾರದು. ಇದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರೆ. ಹೊರಗೆ ಹೋಗುವ ದನಿಯಲ್ಲಿ ಒಂದು ಚಿಟಿಕೆ ಹಿಂದಕ್ಕೆ ತಂದು, ಒಳಗೆ ಬರುವ ದನಿಗೆ ಎದುರಾಗಿ ಕೂಡಿಸುವುದು. ಆಂಪ್ ತಾನು ಮಾಡಿದ್ದನ್ನು ತಾನೇ ನೋಡಿಕೊಂಡು ತಿದ್ದಿಕೊಳ್ಳುವುದು. ದನಿ ಸ್ವಲ್ಪ ಇಳಿಯುತ್ತದೆ. ಬದಲಿಗೆ ಆಂಪಿನ ಒಳತಡೆ, ಅಂದರೆ ವಿದ್ಯುತ್ತಿಗೆ ಅದರೊಳಗೇ ಇರುವ ಅಡ್ಡಿ, ಕಡಿಮೆಯಾಗಿ ಸ್ಪೀಕರಿನ ಮೇಲೆ ಹಿಡಿತ ಬರುತ್ತದೆ. ದೊಡ್ಡ ಸ್ಪೀಕರಿನ ಕಾಗದದ ಬಟ್ಟಲು ಒಮ್ಮೆ ಅಲುಗಿತೆಂದರೆ ತಾನಾಗಿ ನಿಲ್ಲುವ ಜಾತಿಯಲ್ಲ, ಉಯ್ಯಾಲೆಯ ಹಾಗೆ ಇನ್ನೆರಡು ಸಲ ತೂಗುತ್ತದೆ. ತೂಗುತ್ತ ತಾನೇ ಒಂದಿಷ್ಟು ವಿದ್ಯುತ್ತು ಹುಟ್ಟಿಸಿ ಆಂಪಿನ ಕಡೆಗೆ ನೂಕುತ್ತದೆ. ಒಳತಡೆ ಕಡಿಮೆಯಿರುವ ಆಂಪ್ ಅದನ್ನು ನುಂಗಿ ಬಟ್ಟಲಿಗೆ ಬ್ರೇಕ್ ಹಾಕುತ್ತದೆ. ಹೆಚ್ಚಿದ್ದರೆ ಬ್ರೇಕ್ ಇಲ್ಲ. ಬ್ರೇಕ್ ಎಂದರೇನೆಂದು ನೆಜುವಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಅವನ ಕಾಲಡಿಗೆ ಅವನದೇ ಇನ್ನೊಂದು ಬ್ರೇಕ್ ಇತ್ತು, ಕಲಿಯುವವರು ಉಸಿರು ಬಿಡುವ ಮುಂಚೆ ಅವನು ಅದನ್ನು ತುಳಿಯುತ್ತಿದ್ದ. ಆದರೂ ಊರಿನಲ್ಲಿ ಕೈಯಾರೆ ಆಂಪ್ ಕಟ್ಟುವವರ ವಾಲ್ವ್ ಸಂಘದಲ್ಲಿ ಫೀಡ್‌ಬ್ಯಾಕನ್ನು ಅವನಷ್ಟು ಬೈದವರು ಇನ್ನೊಬ್ಬರಿರಲಿಲ್ಲ.

ಬೈಯುವುದನ್ನು ಕಲಿಸಿದವರು ಕೊಮಿಯಾಮಾ, ‘ಯುಗೆ’ ಎಂಬ ಕಾಫಿ ಅಂಗಡಿಯ ಯಜಮಾನರು. ಆ ಅಂಗಡಿಯಲ್ಲಿ ಮಾತಾಡುವಂತಿರಲಿಲ್ಲ. ಕಾಫಿ ಬೇಕಿದ್ದರೆ ಬೆರಳೆತ್ತಬೇಕು, ಕುಡಿಯಬೇಕು, ಕೇಳಬೇಕು. ಗೋಡೆಗೆ ಒಂದೇ ಒಂದು ಸ್ಪೀಕರ್, ಆಳೆತ್ತರದ ಪೆಟ್ಟಿಗೆ. ಪಕ್ಕದ ಕಪಾಟಿನ ಮೇಲೆ ಯಜಮಾನರು ಕಟ್ಟಿದ ಬೆತ್ತಲೆ ಆಂಪ್. ಫೀಡ್‌ಬ್ಯಾಕ್ ಇಲ್ಲದ್ದನ್ನು ಸಂಘದವರು ಹಾಗೆ ಕರೆಯುತ್ತಿದ್ದರು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡು ತಿದ್ದುವುದು ಮರ್ಯಾದಸ್ಥರ ಕೆಲಸವಲ್ಲ, ಆಂಪಿಗೂ ಅದೇ ನಿಯಮ, ತಿದ್ದಿಕೊಳ್ಳುವ ಆಂಪ್ ಈ ಹೊಸ್ತಿಲು ದಾಟಬಾರದು ಎಂದು ಯಜಮಾನರು ಅಂಗಡಿ ಮುಚ್ಚಿದ ಮೇಲೆ, ಮಾತಿಗೆ ಅನುಮತಿ ಇದ್ದ ಹೊತ್ತಿನಲ್ಲಿ ಹೇಳುತ್ತಿದ್ದರು. ಅವರು ತೀರಿಹೋದರು. ಈ ವಸಂತದಲ್ಲಿ ಅವರ ಆಂಪೂ ಹೊಗೆಯಾಡಿ ಹೋಯಿತು. ಅವರ ಹೆಂಡತಿ ಹಾರುಯೊ ಖಾಲಿ ಕಪಾಟನ್ನು ದಿನಾ ಒರೆಸುತ್ತಿದ್ದಳು. ಇವತ್ತು ಮಂಗಳವಾರ, ಅಂಗಡಿಗೆ ರಜೆ. ಎರಡು ಆಂಪ್ ಬರುತ್ತವೆ, ನಿವೃತ್ತ ಸ್ಟೇಷನ್ ಮಾಸ್ಟರ್ ಒಗುಚಿ ಅಜ್ಜನದೊಂದು, ನೆಜುವಿನದೊಂದು. ಕೇಳಿ ನೋಡಿ ಅವಳು ಒಂದನ್ನು ಕಪಾಟಿನ ಮೇಲೆ ಇರಿಸಿಕೊಳ್ಳುತ್ತಾಳೆ. ಆ ಕಪಾಟು ನೆಜುವಿಗೆ ಬೇಕಾಗಿತ್ತು. ಬೇಕಾಗಿತ್ತು ಎನ್ನುವುದು ಸಣ್ಣ ಮಾತು. ಶಾಲೆಯಲ್ಲಿ ಕಲಿಯುವವರು ಹೆದರಿ ಕೇಳುತ್ತಿದ್ದರು, ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಅಲ್ಲಿ ಅವನ ಆಂಪ್ ಕೂತರೆ ಊರಿನ ಒಳ್ಳೆಯ ಜನರೆಲ್ಲ ಕಾಫಿಗೆ ಕಾಸು ಕೊಟ್ಟು, ಬಾಯಿ ಮುಚ್ಚಿಕೊಂಡು, ಅವನನ್ನು ಕೇಳುತ್ತಾರೆ. ಎರಡು ಚಳಿಗಾಲ ಕೂತು ಟ್ರಾನ್ಸ್‌ಫಾರ್ಮರಿನ ತಂತಿಯನ್ನು ಕೈಯಿಂದಲೇ ಸುತ್ತಿದ್ದ, ಕಾಗದ, ಸುತ್ತು, ಕಾಗದ, ಸುತ್ತು. ಸಂಘದಲ್ಲಿ ಬೇರೆ ಯಾರೂ ಅದಕ್ಕೆ ಕೈ ಹಾಕಿರಲಿಲ್ಲ. ಮೊನ್ನೆ ಮೊದಲ ಸಲ ಆಂಪನ್ನು ನುಡಿಸಿದಾಗ ಫುಸಾ ಬಾಗಿಲಲ್ಲಿ ನಿಂತು ಕೇಳಿ, ದಪ್ಪ ಸ್ವರ ಬಂದಾಗೆಲ್ಲ ಯಾರೋ ದೊಡ್ಡ ಅಳತೆ ಚಪ್ಪಲಿ ಹಾಕ್ಕೊಂಡು ಮೆಟ್ಟಿಲಿಳಿದ ಹಾಗಿದೆ ಎಂದಳು. ಅವಳಿಗೆ ಏನು ಗೊತ್ತು ಎಂದು ಕೂಗಾಡಿ, ಎರಡು ದಿನ ಮಾತು ಬಿಟ್ಟ. ಆ ಎರಡು ದಿನವೂ ಚಪ್ಪಲಿ ಮೆಟ್ಟಿಲಿಳಿಯುತ್ತಲೇ ಇತ್ತು.

ಗಾಡಿಯ ಹಾರ್ನ್ ಕೇಳಿಸಿತು. ಬಂದವನು ಫುಸಾಳ ಅಣ್ಣ ಮಿನೊವಾ, ಔಷಧದ ಅಂಗಡಿಯವನು. ಹೇಳಿದ್ದಕ್ಕಿಂತ ಮುಂಚೆಯೇ ಬಂದಿದ್ದ. ಅವನು ಯಾವಾಗಲೂ ಮುಂಚೆಯೇ ಬರುತ್ತಾನೆ, ಅದೊಂದು ರೋಗ. ಸಂಘದಲ್ಲಿ ಫೀಡ್‌ಬ್ಯಾಕಿನ ಪರ ಇದ್ದವನು ಅವನೊಬ್ಬನೇ; ಹಾಗಾಗಿ ಅವನ ಆಂಪಿಗೆ ಯುಗೆಯ ಹೊಸ್ತಿಲು ದಾಟುವ ಯೋಗವಿರಲಿಲ್ಲ, ಅವನ ಮೀಟರುಗಳಿಗೆ ಮಾತ್ರ ಇತ್ತು. ಬಾಗಿಲಲ್ಲೇ ನಿಂತು ತಂಗಿಯ ಕೈಯಿಂದ ಒಂದು ಎಸಳು ಉಪ್ಪುಸೊಪ್ಪು ತೆಗೆದು ಬಾಯಿಗೆ ಹಾಕಿಕೊಂಡು, ಇನ್ನೂ ಮುಗೀಲಿಲ್ವಾ ನಿನ್ನ ಗಂಡಂದು ಎಂದು ಕೇಳಿದ. ಮುಗಿದಿದೆ ಎಂದು ನೆಜು ಒಳಗಿನಿಂದಲೇ ಕೂಗಿ ಆಂಪನ್ನು ಮಗುಚಿ, ಕಂಬಳಿಯಲ್ಲಿ ಸುತ್ತಿ, ಮಗುವಿನ ಹಾಗೆ ಎತ್ತಿಕೊಂಡ. ಮುಗಿದಿರಲಿಲ್ಲ.

ಏನು ಮುಗಿದಿಲ್ಲ ಎಂಬುದು ಗಾಡಿ ಚಿಕುಮಾ ಹೊಳೆಯ ಸೇತುವೆಗೆ ಬಂದಾಗ ನೆನಪಾಯಿತು. ಮಿನೊವಾ ನಿಧಾನವಾಗಿ ಓಡಿಸುವವನು, ಆದರೂ ನೆಜುವಿನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇತ್ತು. ಹೊಳೆಯಲ್ಲಿ ಯಾರೋ ಮೊಣಕಾಲುದ್ದ ನೀರಿಗಿಳಿದು ಗಾಳ ಹಿಡಿದಿದ್ದರು. ಮದುವೆಗೆ ಮುಂಚೆ ಫುಸಾಳನ್ನು ನೋಡುವ ಆಸೆಗೆ ಅವಳ ಅಣ್ಣನ ಹತ್ತಿರ ವಾಲ್ವ್ ಕೆಲಸ ಕಲಿಯಲು ಹೋಗುತ್ತಿದ್ದ ದಿನಗಳಲ್ಲಿ ಇದೇ ಸೇತುವೆಯನ್ನು ಸೈಕಲ್ಲಿನಲ್ಲಿ ದಾಟುತ್ತಿದ್ದ. ಮೊದಲ ಪಾಠ: ಫೀಡ್‌ಬ್ಯಾಕಿನ ತಂತಿ ಕೊಟ್ಟ ಕೂಡಲೇ ಕಿವಿಗೊಟ್ಟು ಕೇಳು. ದನಿ ಇಳಿದರೆ ಸರಿಯಾಗಿದೆ. ಏರಿದರೆ ಟ್ರಾನ್ಸ್‌ಫಾರ್ಮರಿನ ಎರಡು ತುದಿ ಅದಲುಬದಲಾಗಿವೆ. ತಿದ್ದುವ ಬದಲು ಆಂಪ್ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತಿದೆ, ಒಳತಡೆ ಇಳಿಯುವ ಬದಲು ಏರುತ್ತಿದೆ, ಇದ್ದ ಹಿಡಿತವೂ ಹೋಗುತ್ತಿದೆ. ಬೇಗ ಬಿಚ್ಚಿ ಅದಲುಬದಲು ಮಾಡು. ಮಕ್ಕಳಿಗೂ ಗೊತ್ತಿರುವ ಪಾಠ. ಇವತ್ತು ಬೆಳಿಗ್ಗೆ ಅವನು ಬೆಸುಗೆ ಹಾಕಿದ, ಜಡೆ ಹೆಣೆದ, ಮುಚ್ಚಳ ಮುಚ್ಚಿದ. ಆಂಪನ್ನು ಒಮ್ಮೆಯೂ ನುಡಿಸಿ ನೋಡಲಿಲ್ಲ. ನುಡಿಸಿದರೆ ಫುಸಾ ಕೇಳುತ್ತಾಳೆ, ಚಪ್ಪಲಿ ಸರಿಹೋಯ್ತಲ್ಲ ಎನ್ನುತ್ತಾಳೆ, ಹೇಗೆ ಎಂದು ಕೇಳುತ್ತಾಳೆ. ಸುತ್ತಿದವನೇ ತಾನು, ಯಾವ ತುದಿ ಯಾವುದೆಂದು ಗೊತ್ತಿರಬೇಕು. ಕಪ್ಪು ತಂತಿ ನೆಲಕ್ಕೆ, ಅಂದರೆ ಅರ್ತಿಗೆ, ಹಳದಿ ರೆಸಿಸ್ಟರಿಗೆ. ಅಥವಾ ಹಳದಿ ನೆಲಕ್ಕೆ. ತಿರುಗಾಮುರುಗಾ ಆಗಿದ್ದರೆ ನಾಯಿಯ ಹಾಗೆ ಊಳಿಡಬಹುದು. ಕೊಟ್ಟಿರುವ ಚಿಟಿಕೆ ಸಣ್ಣದಾದ್ದರಿಂದ ಊಳಿಡದೆಯೂ ಇರಬಹುದು. ಊಳಿಟ್ಟರೆ ಒಳ್ಳೆಯದೋ ಇಡದಿದ್ದರೆ ಒಳ್ಳೆಯದೋ ಅವನಿಗೇ ತಿಳಿಯಲಿಲ್ಲ. ಹೊಟ್ಟೆ ಸರಿ ಇಲ್ವಾ, ಗುಳಿಗೆ ಇದೆ ಎಂದು ಮಿನೊವಾ ಕೇಳಿದ. ನಿಮ್ಮ ಗಾಡಿ ಓಡಿಸೋ ರೀತಿಗೆ ಯಾವ ಗುಳಿಗೆಯೂ ಇಲ್ಲ ಭಾವ ಎಂದು ನೆಜು ಬೈದ. ಬೈದ ಮೇಲೆ ಕೊಂಚ ಹಾಯೆನಿಸಿತು.

ಸಂಘದ ಪದ್ಧತಿಯಂತೆ ನುಡಿಸುವ ಮುಂಚೆ ಆಂಪನ್ನು ಮಗುಚಿ ಎಲ್ಲರಿಗೂ ಹೊಟ್ಟೆ ತೋರಿಸಬೇಕು. ಹೊಸ ಸೊಸೆಯ ಅಡಿಗೆಮನೆಗೆ ನೆರೆಹೊರೆಯವರು ಹೊಕ್ಕ ಹಾಗೆ ಎಂಟು ಹತ್ತು ತಲೆಗಳು ಸುತ್ತ ಬಗ್ಗಿದವು. ತಂತಿ ನೇರವಾಗಿದೆಯೇ, ಬೆಸುಗೆ ಹೊಳೆಯುತ್ತಿದೆಯೇ. ಒಗುಚಿ ಅಜ್ಜ ಕನ್ನಡಕವನ್ನು ಹಣೆಗೇರಿಸಿ, ಮೂಗು ತಂತಿಗೆ ತಾಗುವಷ್ಟು ಹತ್ತಿರ ಬಂದು, ಆ ಜಡೆಯ ಮೇಲೆಯೇ ಕಣ್ಣಿಟ್ಟ. ನೆಜು ಮೊಣಕಾಲು ಮಡಚಿ ಕೂತಿದ್ದ, ಬೆನ್ನಿನ ನಡುವೆ ಒಂದು ಹನಿ ಬೆವರು ತನ್ನ ಪಾಡಿಗೆ ತಾನು ಇಳಿಯುತ್ತಿತ್ತು. ಎಂಥ ಚಂದದ ಹೆಣಿಗೆ, ನನ್ನ ಮೊಮ್ಮಗಳ ಜಡೆಯೂ ಇಷ್ಟು ಚೊಕ್ಕ ಇರೋದಿಲ್ಲ ಎಂದು ಅಜ್ಜ ಹೊಗಳಿದ. ಹಾರುಯೊ ಕಟ್ಟೆಯ ಹಿಂದೆ ಬಟ್ಟಲು ಒರೆಸುತ್ತ ನಿಂತಿದ್ದಳು, ಬಗ್ಗಿ ನೋಡಲು ಬರಲಿಲ್ಲ. ಗಂಡನ ಜೊತೆ ಮೂವತ್ತು ವರ್ಷ ಬಾಳಿದವಳಿಗೆ ಆಂಪಿನ ಹೊಟ್ಟೆ ಸಾಕಾಗಿ ಹೋಗಿರಬೇಕು.

ಮೊದಲು ಅಜ್ಜನದು ನುಡಿಯಿತು. ಅಜ್ಜನ ಹಾಗೆಯೇ ಸಭ್ಯವಾಗಿ, ಸಣ್ಣ ದನಿಯಲ್ಲಿ, ಯಾರಿಗೂ ತೊಂದರೆ ಕೊಡದೆ. ಆಮೇಲೆ ನೆಜುವಿನದು. ವಾಲ್ವುಗಳು ಕೆಂಪಗಾಗುವ ತನಕ ಕಾದ. ಊಳಿಡಲಿಲ್ಲ. ಅಜ್ಜನದಕ್ಕೆ ಹಾಕಿದ್ದ ಅದೇ ಗ್ರಾಮಫೋನ್ ತಟ್ಟೆ, ಆಳೆತ್ತರದ ಪಿಟೀಲನ್ನು ಯಾರೋ ಬೆರಳಿನಿಂದ ಮೀಟುವ ತಟ್ಟೆ. ದನಿಯ ಗುಂಡಿಯನ್ನು ಮನೆಯಲ್ಲಿ ತಿರುಗಿಸುವಷ್ಟು ತಿರುಗಿಸಲು ಹೋದ, ಅರ್ಧಕ್ಕೆ ಬರುವ ಮುಂಚೆಯೇ ದನಿ ಕೋಣೆ ತುಂಬಿ ಕಿಟಕಿಗೆ ಬಡಿಯಿತು. ಏರಿದೆ. ಅವನ ಕಿವಿ ತಣ್ಣಗಾಯಿತು. ಇಳಿದಿಲ್ಲ, ಏರಿದೆ. ಪಿಟೀಲಿನ ಒಂದೊಂದು ಸ್ವರವೂ ತನ್ನ ಜಾಗ ದಾಟಿ ಮುಂದಿನ ಸ್ವರದ ಮನೆಗೆ ನುಗ್ಗಿ, ಅಲ್ಲಿ ಕೂತು, ಹೊರಡಲು ಮನಸ್ಸಿಲ್ಲದ ನೆಂಟನ ಹಾಗೆ ಇನ್ನೊಂದು ಬಟ್ಟಲು ಚಹಾ ಕೇಳುತ್ತಿತ್ತು. ಈ ಚಪ್ಪಲಿ ಫುಸಾ ಹೇಳಿದ ಅಳತೆಯದಲ್ಲ, ಸುಮೊ ಪೈಲ್ವಾನನದು. ಮೋಸ ಮಾಡಿದ್ದೂ ಆಯಿತು, ಆ ಮೋಸವನ್ನು ಸರಿಯಾಗಿ ಮಾಡಲು ಬರದಿದ್ದುದೂ ಆಯಿತು. ಎರಡರಲ್ಲಿ ಯಾವುದಕ್ಕೆ ಹೆಚ್ಚು ನಾಚಬೇಕೆಂದು ತೀರ್ಮಾನಿಸಲು ಹೋಗಿ ಅವನು ಅರ್ಧ ತಟ್ಟೆ ಕೇಳಲೇ ಇಲ್ಲ. ತಲೆಯೆತ್ತಿ ನೋಡಿದರೆ ಒಗುಚಿ ಅಜ್ಜನ ಕೆನ್ನೆ ಒದ್ದೆಯಾಗಿತ್ತು. ಇದು ಬೆತ್ತಲೆ ಆಂಪ್ ಅಂದ್ರೆ, ನೋಡಿ ಹೇಗೆ ಮುಕ್ತವಾಗಿ ಉಸಿರಾಡ್ತಾ ಇದೆ, ಒಂದು ಚೂರು ಫೀಡ್‌ಬ್ಯಾಕ್ ಹಾಕಿದ್ರೂ ಇದು ಸಾಯ್ತಿತ್ತು ಎಂದು ಅಜ್ಜ ಸುತ್ತ ಕೂತವರಿಗೆ ಹೇಳುತ್ತಿದ್ದ. ತನ್ನ ಆಂಪನ್ನು ಈಗಲೇ ವಾಪಸು ತೆಗೆದುಕೊಳ್ಳುತ್ತೇನೆ ಎಂದೂ ಸೇರಿಸಿದ. ಕಪಾಟು ನೆಜುವಿಗೆ ಸಿಕ್ಕಿಯೇಬಿಟ್ಟಿತ್ತು, ಕೈ ಚಾಚಿದರೆ ಸಾಕು. ಅವನು ಸುಮ್ಮನಿರಲು ನಿರ್ಧರಿಸಿದ. ಜೀವಮಾನದಲ್ಲಿ ಹಾಗೆ ನಿರ್ಧರಿಸಿದ್ದು ಅದೇ ಮೊದಲು.

ಮಿನೊವಾ ಮೀಟರ್ ಹಿಡಿದು ಬಂದ. ಪದ್ಧತಿಯಲ್ಲಿ ಇದೂ ಒಂದು, ಯಾರೂ ಗಮನ ಕೊಡದ ಭಾಗ. ಒಂದೇ ಸಮನೆ ಮೊರೆಯುವ ಸ್ವರವೊಂದನ್ನು ಆಂಪಿಗೆ ಕೊಟ್ಟು, ಹೊರೆ ಇಲ್ಲದೆ ಒಮ್ಮೆ, ಸ್ಪೀಕರಿನಷ್ಟೇ ಹೊರೆ ಹಾಕಿ ಒಮ್ಮೆ ಅಳೆಯುವುದು. ಹೊರೆ ಬಿದ್ದಾಗ ಎಷ್ಟು ಕುಸಿಯುತ್ತದೋ ಅದರ ಮೇಲೆ ಆಂಪಿನ ಒಳತಡೆ ಎಷ್ಟು, ಸ್ಪೀಕರಿನ ಮೇಲೆ ಅದರ ಹಿಡಿತ ಎಷ್ಟು ಎಂದು ಲೆಕ್ಕ. ಮುಳ್ಳು ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕುಸಿಯಿತು. ಮಿನೊವಾ ಮೀಟರನ್ನು ತಟ್ಟಿ ಮತ್ತೆ ಅಳೆದ. ಹಿಡಿತದ ಅಂಕ ಒಂದು ಪಾಯಿಂಟ್ ಎಂಟು. ಈ ವಾಲ್ವಿಗೆ ಬೆತ್ತಲೆಯಾಗಿ ಮೂರೂವರೆ ಬರಬೇಕು, ಅಜ್ಜನದಕ್ಕೇ ಮೂರು ಬಂದಿತ್ತು. ಔಷಧ ಕೊಡುವವನ ಮುಖ ಅವನದು. ರೋಗ ಸಣ್ಣದೋ ದೊಡ್ಡದೋ ಆ ಮುಖ ನೋಡಿ ಯಾರೂ ಹೇಳಲಾರರು.

“ಇದರಲ್ಲಿ ಫೀಡ್‌ಬ್ಯಾಕ್ ಇಲ್ಲ ಅನ್ನೋದಕ್ಕೆ ನಾನೇ ಸಾಕ್ಷಿ” ಎಂದ ಮಿನೊವಾ. “ಇದ್ದಿದ್ರೆ ಅಂಕ ಏರ್ತಿತ್ತು. ಇಲ್ಲಿ ನೋಡಿದ್ರೆ ಪಾತಾಳಕ್ಕೆ ಹೋಗಿದೆ.”

ನೆಜು ತಲೆ ಬಗ್ಗಿಸಿದ. ಊರಿನಲ್ಲೇ ಪ್ರಾಮಾಣಿಕ ಎನಿಸಿಕೊಂಡ ಮನುಷ್ಯ, ಅದೂ ಎದುರು ಪಕ್ಷದವನು, ತನ್ನ ಸುಳ್ಳಿಗೆ ಮುದ್ರೆ ಒತ್ತುತ್ತಿದ್ದಾನೆ. ಇನ್ನೇನು ಬೇಕು. ಇಷ್ಟಕ್ಕೆ ನಿಂತಿದ್ದರೆ ಎಲ್ಲ ಸರಿಯಾಗಿರುತ್ತಿತ್ತು.

“ಟ್ರಾನ್ಸ್‌ಫಾರ್ಮರ್ ನೀನೇ ಸುತ್ತಿದ್ದಲ್ವಾ, ನೆಜು? ಅದರಲ್ಲೇ ಎಲ್ಲೋ ಹೋಗಿದೆ. ಪರವಾಗಿಲ್ಲ ಬಿಡು, ಮೊದಲನೇದು.”

ಅಜ್ಜನೂ ಜೊತೆಗೂಡಿದ. ಕೈಯಲ್ಲಿ ಸುತ್ತಿದರೆ ಹಾಗೇ ಆಗುವುದು, ನಾಚಿಕೊಳ್ಳಬೇಡಿ, ಕೇಳುವುದಕ್ಕೆ ಚೆನ್ನಾಗಿದೆಯಲ್ಲ, ಅಷ್ಟು ಸಾಕು ಎಂದ. ಹಿಂದೆ ಕೂತಿದ್ದ ಯಾರೋ ಮುಂದಿನ ಸಲ ಒಳ್ಳೆಯ ಕಡೆಯಿಂದ ಕೊಂಡುಬಿಡಿ ಎಂದರು. ಎಲ್ಲರ ದನಿಯಲ್ಲೂ ಕನಿಕರವಿತ್ತು, ಪರೀಕ್ಷೆಯಲ್ಲಿ ನಾಲ್ಕನೇ ಸಲ ಬಿದ್ದವರ ಹೆಗಲ ಮೇಲೆ ತಾನು ಯಾವತ್ತೂ ಇಡದಿದ್ದ ಕೈಯಂಥ ಕನಿಕರ. ಎರಡು ಚಳಿಗಾಲ. ಕಾಗದ, ಸುತ್ತು, ಕಾಗದ, ಸುತ್ತು, ಕಾಲಡಿಗೆ ಕೆಂಡದ ಗೂಡು, ಮೂಗಿನ ತುದಿಯಲ್ಲಿ ನೀರು, ತಂತಿ ತುಂಡಾದಾಗ ಮೊದಲಿನಿಂದ ಸುತ್ತಿದ್ದು ಎಷ್ಟು ಸಲವೋ. ಕಳ್ಳನೆಂದರೆ ತಡೆದುಕೊಳ್ಳುತ್ತಿದ್ದ. ಅದು ಅವನಿಗೆ ಬೆಳಗಿನಿಂದ ಅಭ್ಯಾಸವಾಗಿತ್ತು.

“ನನ್ನ ಟ್ರಾನ್ಸ್‌ಫಾರ್ಮರಿಗೆ ಏನೂ ಆಗಿಲ್ಲ” ಎಂದ. ತನ್ನ ದನಿ ಡ್ರೈವಿಂಗ್ ಶಾಲೆಯ ಮೈದಾನದ ದನಿ ಎಂದು ಗೊತ್ತಾಯಿತು, ನಿಲ್ಲಿಸಲು ಆಗಲಿಲ್ಲ. “ಅದಕ್ಕೆ ಮೂರೂವರೆ ಬಂದೇ ಬರುತ್ತೆ. ನಾನು ಕದ್ದು ಫೀಡ್‌ಬ್ಯಾಕ್ ಹಾಕಿದೀನಿ, ಗೊತ್ತಾಯ್ತಾ? ಅದೂ ತಿರುಗಾಮುರುಗಾ ಹಾಕಿದೀನಿ. ಟ್ರಾನ್ಸ್‌ಫಾರ್ಮರ್ ಬಗ್ಗೆ ಮಾತ್ರ ಯಾರೂ ಬಾಯಿ ತೆಗೀಬೇಡಿ.”

ಯಾರೂ ತೆಗೆಯಲಿಲ್ಲ. ಅಂಗಡಿಯ ನಿಯಮ ಇಷ್ಟು ಚೆನ್ನಾಗಿ ಪಾಲನೆಯಾದದ್ದು ಯಜಮಾನರ ಕಾಲದಲ್ಲೂ ಇರಲಿಲ್ಲ. ಒಗುಚಿ ಅಜ್ಜ ಕರವಸ್ತ್ರ ತೆಗೆದು ಕೆನ್ನೆ ಒರೆಸಿಕೊಂಡ, ಸುರಿಸಿದ ಕಣ್ಣೀರನ್ನು ವಾಪಸು ಪಡೆಯುವವನ ಹಾಗೆ. ನೆಜು ಮಿನೊವಾನ ಮುಖ ನೋಡಿದ. ಇವನಿಗೆ ಮೊದಲೇ ಗೊತ್ತಿತ್ತೇ, ಟ್ರಾನ್ಸ್‌ಫಾರ್ಮರಿನ ಮಾತು ಬೇಕೆಂದೇ ಎತ್ತಿದನೇ? ಔಷಧದ ಅಂಗಡಿಯವನ ಮುಖ ಬಾಗಿಲು ತೆರೆಯಲಿಲ್ಲ. ಮಿನೊವಾ ಚೀಲದಿಂದ ಬೆಸುಗೆ ಕಡ್ಡಿ ತೆಗೆದು ಕೊಟ್ಟು, “ಬಿಚ್ಚು, ನೋಡೋಣ” ಎಂದಷ್ಟೇ ಹೇಳಿದ.

ಬಿಚ್ಚಿದ. ಆಂಪ್ ನಿಜವಾಗಿಯೂ ಬೆತ್ತಲೆಯಾದಾಗ ಅಂಕ ಮೂರೂವರೆ, ಅದಕ್ಕೂ ಒಂದು ಕೂದಲು ಮೇಲೆ. ನೆಜು ಸುತ್ತ ಕೂತವರ ಮುಖಗಳನ್ನು ಒಂದೊಂದಾಗಿ ನೋಡಿದ, ಎಲ್ಲರೂ ಟ್ರಾನ್ಸ್‌ಫಾರ್ಮರಿಗೆ ತಲೆಬಾಗಿದರು. ಆ ಒಂದು ಗಳಿಗೆ ಅವನು ಕಪಾಟನ್ನು ಮರೆತ. ಆಮೇಲೆ ಮಿನೊವಾ ಹೇಳಿದ ಹಾಗೆ ತುದಿಗಳನ್ನು ಅದಲುಬದಲು ಮಾಡಿ, ಫೀಡ್‌ಬ್ಯಾಕ್ ಇರಬೇಕಾದ ರೀತಿಯಲ್ಲಿ ಕೊಟ್ಟು ನೋಡಿದರು. ದನಿ ಇಳಿಯಿತು, ಅಂಕ ಐದು ದಾಟಿತು. ತಟ್ಟೆ ಹಾಕಿದರು. ಪಿಟೀಲಿನ ಸ್ವರಗಳು ಈಗ ಒಂದೊಂದೂ ಹೊರಡಬೇಕಾದಲ್ಲಿಂದ ಹೊರಟು, ನಿಲ್ಲಬೇಕಾದಲ್ಲಿ ಗಕ್ಕನೆ ನಿಂತವು, ಪರೀಕ್ಷೆಯ ದಿನ ಕೆಂಪು ದೀಪದ ಮುಂದೆ ನಿಲ್ಲುವ ಕಾರುಗಳ ಹಾಗೆ. ತಪ್ಪು ಹುಡುಕಲು ಏನೂ ಇರಲಿಲ್ಲ. ಚೆನ್ನಾಗಿದೆ ಎಂದು ಅಜ್ಜ ಕೂಡ ಒಪ್ಪಿಕೊಂಡ, ಯಾರದೋ ತಿಥಿಯಲ್ಲಿ ಅಡಿಗೆ ಚೆನ್ನಾಗಿದೆ ಎನ್ನುವ ದನಿಯಲ್ಲಿ. ನೆಜು ತಂತಿ ಸುತ್ತಲು ಶುರು ಮಾಡಿದ, ಕಂಬಳಿ ಎಲ್ಲಿಟ್ಟೆನೆಂದು ಹುಡುಕಿದ. ಯಜಮಾನರ ನಿಯಮವನ್ನು ಅವರ ಅಂಗಡಿಯಲ್ಲೇ ಮುರಿದವನಿಗೆ ಕಪಾಟೆಲ್ಲಿ ಬಂತು. ಇನ್ನು ಮುಂದೆ ಇಲ್ಲಿ ಬೆರಳೆತ್ತಿದರೆ ಕಾಫಿ ಸಿಕ್ಕರೆ ಹೆಚ್ಚು. ಕ್ಷಮೆ ಕೇಳಲು ಕಟ್ಟೆಯ ಹತ್ತಿರ ಹೋಗಿ ಸೊಂಟ ಬಗ್ಗಿಸಿದ. ಹಾರುಯೊ ಒರೆಸುತ್ತಿದ್ದ ಬಟ್ಟಲನ್ನು ಕೆಳಗಿಟ್ಟಳು.

“ಮೊದಲು ನುಡಿಸಿದ್ದು” ಎಂದಳು. “ಅದು ಇರಲಿ.”

ಅಜ್ಜನದೇ ಎಂದು ಸುತ್ತ ಕೂತವರು ಕೇಳಿದರು. ಅಲ್ಲ, ನೆಜು ಅವರು ಮೊದಲು ನುಡಿಸಿದ್ದು ಎಂದಳು. ಮಿನೊವಾ ಮುಂದೆ ಬಂದು, ಅಂಗಡಿಯಲ್ಲಿ ಗುಳಿಗೆ ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಸುವ ತಾಳ್ಮೆಯಿಂದ ವಿವರಿಸಿದ: ಅದು ತಪ್ಪಾಗಿ ಕೊಟ್ಟದ್ದು, ಒಳತಡೆ ಎರಡರಷ್ಟಾಗಿತ್ತು, ಸ್ಪೀಕರಿನ ಮೇಲೆ ಹಿಡಿತವೇ ಇರಲಿಲ್ಲ, ಅದರ ಮೇಲೆ ಅದರಲ್ಲಿ ಫೀಡ್‌ಬ್ಯಾಕ್ ಇತ್ತು, ಕೊಮಿಯಾಮಾ ಅವರ ನಿಯಮ ಬೇರೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ತಿದ್ಕೊಳ್ಳೋ ಆಂಪ್ ಬೇಡ ಅಂತಿದ್ರು ಅವರು” ಎಂದಳು. “ಇದು ತಿದ್ಕೊಂಡಿಲ್ವಲ್ಲ. ಇನ್ನೂ ಕೆಡಿಸ್ಕೊಂಡಿದೆ.”

ಅವಳು ಬಟ್ಟಲನ್ನು ಮತ್ತೆ ಕೈಗೆತ್ತಿಕೊಂಡಳು. ವಸಂತದಿಂದ ಈ ಕೋಣೆಯಲ್ಲಿ ಫ್ರಿಜ್ಜಿನ ಸದ್ದು ಕೇಳ್ತಾ ಇದೆ, ಅವರಿದ್ದಾಗ ಅದು ಸದ್ದು ಮಾಡುತ್ತೆ ಅಂತಾನೇ ನನಗೆ ಗೊತ್ತಿರಲಿಲ್ಲ, ಇವತ್ತು ಸ್ವಲ್ಪ ಹೊತ್ತು ಕೇಳಲಿಲ್ಲ ಎಂದು ಬಟ್ಟಲಿಗೆ ಹೇಳಿದಳು.

ಹೀಗೆ ನೆಜು ಅದೇ ದಿನ ಅದೇ ತಪ್ಪನ್ನು ಎರಡನೆಯ ಸಲ ಮಾಡಲು ಕೂತ. ಈ ಸಲ ಅಡಗಿಸಲು ಏನೂ ಇರಲಿಲ್ಲ. ಸಂಘಕ್ಕೆ ಸಂಘವೇ ಸುತ್ತ ಬಗ್ಗಿತ್ತು, ಒಗುಚಿ ಅಜ್ಜ ದೀಪ ಹಿಡಿದಿದ್ದ. ಕಪ್ಪಲ್ಲ, ಹಳದಿ, ಹಳದಿ ನೆಲಕ್ಕೆ ಎಂದು ಹಿಂದಿನವರು ನೆನಪಿಸುತ್ತಿದ್ದರು. ಗೊತ್ತು, ಬಾಯಿ ಮುಚ್ಚಿ ಎಂದು ನೆಜು ಗದರಿದ. ಜೀವನದಲ್ಲಿ ಅಷ್ಟು ಚೊಕ್ಕ ಬೆಸುಗೆಯನ್ನು ಅವನು ಹಾಕಿರಲಿಲ್ಲ. ಗುಂಡಗೆ, ಮಂಜಿನ ಹನಿಯಷ್ಟು ಸ್ವಚ್ಛವಾಗಿ ಕೂತಿತು. ಇನ್ನು ಎಷ್ಟು ವರ್ಷ ಈ ಆಂಪ್ ಇಲ್ಲಿರುತ್ತದೋ ಅಷ್ಟು ವರ್ಷ ಹೊಸಬರು ಯಾರೇ ಬಂದರೂ ಇವರೆಲ್ಲ ಕಪಾಟಿನ ಕಡೆ ಬೆರಳು ಮಾಡಿ, ಇದು ನೆಜು ತಿರುಗಾಮುರುಗಾ ಕಟ್ಟಿದ ಆಂಪ್ ಎಂದು ತೋರಿಸುತ್ತಾರೆ. ತಾನು ಬದುಕಿರುವ ತನಕ ಅಂಗಡಿಯ ಹೊರಗೆ ನಿಂತು ಹೇಳುತ್ತಾರೆ, ಸತ್ತ ಮೇಲೆ ಒಳಗೇ. ಮುಚ್ಚಳ ಮುಚ್ಚಿ ನಾಲ್ಕೂ ತಿರುಪು ಬಿಗಿದು, ನುಡಿಸುವಾಗ ಯಾವ ಕಾರಣಕ್ಕೂ ಸ್ಪೀಕರಿನ ತಂತಿ ಬಿಚ್ಚಬಾರದು, ಬಿಚ್ಚಿದರೆ ಊಳಿಟ್ಟರೂ ಇಟ್ಟೀತು ಎಂದು ಹಾರುಯೊಗೆ ಎಚ್ಚರಿಕೆ ಹೇಳಿದ. ಬಿಚ್ಚುವುದಿಲ್ಲ ಎಂದಳು. ಮಿನೊವಾ ಕೊನೆಯ ಸಲ ಮೀಟರ್ ಹಚ್ಚಿದ, ಮುಳ್ಳು ಕುಸಿಯುವುದನ್ನು ನೋಡಿದ, ಕನ್ನಡಕ ಸರಿಮಾಡಿಕೊಂಡ.

“ಒಂದು ಪಾಯಿಂಟ್ ಎಂಟು” ಎಂದ. “ಸರಿಯಾಗಿ ತಪ್ಪಾಗಿದೆ. ಎತ್ತು.”

ಇಬ್ಬರೂ ಆ ಕಡೆ ಈ ಕಡೆ ಹಿಡಿದು ಎತ್ತಿದರು. ಟ್ರಾನ್ಸ್‌ಫಾರ್ಮರ್ ಇದ್ದ ಕಡೆ ಭಾರ ಹೆಚ್ಚು. ಅದನ್ನು ನೆಜು ಹಿಡಿದಿದ್ದ, ಭಾವ ಬದಲಾಯಿಸಿಕೊಳ್ಳೋಣವೇ ಎಂದರೂ ಬಿಟ್ಟುಕೊಡಲಿಲ್ಲ.